ಸ್ಥಳ: ಮೋಟಾರ್ ಅಂಗಡಿ ಹತ್ತಿರ

ನನ್ನದು ಹಳೇ ಪಂಪ್‌ಸೆಟ್ಟಿನ ವ್ಯಾಪಾರ. ಹುಟ್ಟಿದ್ದು ಹೊಳಲಿನಲ್ಲಿ, ಅಂಗಡಿ ಇಟ್ಟಿರುವುದು ಮದ್ದೂರಿನಲ್ಲಿ, ಸರಕು ಸಿಗುವುದು ಮಂಡ್ಯದಿಂದ ಮಳವಳ್ಳಿಯವರೆಗೆ ಯಾರ ಬೋರ್‌ವೆಲ್ಲು ಕೈಕೊಟ್ಟಿತೋ ಅವರ ಹಿತ್ತಲಿನಲ್ಲಿ. ಸುಟ್ಟ ಮೋಟಾರನ್ನು ಗುಜರಿ ದರಕ್ಕೆ ಕೊಂಡು, ತಂತಿ ಸುತ್ತಿಸಿ, ಬಣ್ಣ ಹೊಡೆಸಿ, ಇನ್ನೊಬ್ಬರ ಬಾವಿಗೆ ಇಳಿಸುತ್ತೇನೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಮೋಸ ಹೋಗಿ ಹೋಗಿ ಕಲಿತೆ. ಈ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಕೊಳ್ಳುವವರು ಸಾವಿರ ಸಿಗುತ್ತಾರೆ, ಮಾರುವವರೂ ಸಿಗುತ್ತಾರೆ, ತಂತಿ ಸುತ್ತುವ ಒಳ್ಳೆಯ ಕೈ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ.

ನನಗೆ ಸಿಕ್ಕ ಕೈ ಮಳವಳ್ಳಿ ಕಡೆಯ ಒಂದು ಊರಿನಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ. ಏಕೆಂಬುದು ಓದುತ್ತಾ ಹೋದರೆ ತಿಳಿಯುತ್ತದೆ. ಆ ಮನುಷ್ಯನನ್ನು ಊರಿನವರೆಲ್ಲ ಕರೆಯುತ್ತಿದ್ದುದು ಭಾಯಿ ಎಂದು. ಅವರಪ್ಪ ಮಳವಳ್ಳಿ ಪೇಟೆಯಿಂದ ಬಂದು ಬಸ್ ಸ್ಟಾಪಿನ ಎದುರು ಮೋಟಾರು ರಿಪೇರಿ ಅಂಗಡಿ ಹಾಕಿದ್ದರು. ಅಪ್ಪನ ನಂತರ ಮಗ ಅದೇ ಮಳಿಗೆಯಲ್ಲಿ ಕೂತರು. ಮಳಿಗೆ ಊರಿನ ದೊಡ್ಡ ಜಮೀನ್ದಾರರದು. ಅವರನ್ನು ಇಲ್ಲಿ ಗೌಡರು ಎಂದು ಕರೆದರೆ ಸಾಕು.

ಕಾರ್ತೀಕದಲ್ಲಿ ಗೌಡರ ಮಗನ ಮದುವೆಯಾಯಿತು. ಮದುವೆಗಿಂತ ಅದಾದ ಮೇಲಿನ ಬಾಡೂಟ, ಬೀಗರ ಊಟ, ದೊಡ್ಡದು ಎಂಬುದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ತಾಳಿ ಕಟ್ಟುವಾಗ ಬರದವನೂ ಬೀಗರ ಊಟಕ್ಕೆ ಬರುತ್ತಾನೆ. ಬಸ್ ಸ್ಟಾಪಿನ ಪಕ್ಕದ ಬಯಲಿನಲ್ಲಿ ಶಾಮಿಯಾನ, ಅದರ ಮೂಲೆಯಲ್ಲಿ ಆಳೆತ್ತರದ ಡಿಜೆ ಡಬ್ಬಗಳು. ಬೆಳಿಗ್ಗೆ ಜನರೇಟರು ಕೆಟ್ಟು ನಿಂತಾಗ ಸರಿಮಾಡಿಕೊಟ್ಟವರು ಭಾಯಿಯೇ. ಮಧ್ಯಾಹ್ನ ನಾನೂ ಅವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಮುದ್ದೆ ಮುಗಿದು ಅನ್ನ ಬರುವ ಹೊತ್ತು. ಡಿಜೆ ಸದ್ದಿಗೆ ಎಲೆಯ ಮೇಲಿನ ಸಾರು ನಡುಗುತ್ತಿತ್ತು. ಬಡಿಸುವವರಿಗೆ "ಸಾಕು" ಎಂದರೆ ಕೇಳಿಸದೆ ಇನ್ನೊಂದು ಸೌಟು ಸುರಿದು ಹೋಗುತ್ತಿದ್ದರು.

ಆಗ 112ರ ಗಾಡಿ ಬಂತು. ಶಾಮಿಯಾನದ ಮುಂದೆ ನಿಲ್ಲಲಿಲ್ಲ. ನೇರವಾಗಿ ಹೋಗಿ ಭಾಯಿ ಅಂಗಡಿಯ ಬಾಗಿಲಿಗೆ ನಿಂತಿತು. ಪೊಲೀಸಿನವರೊಬ್ಬರು ಇಳಿದು ಅತ್ತ ಇತ್ತ ನೋಡಿ, ಡಿಜೆ ಮೀರಿಸುವಂತೆ ಕೂಗಿದರು.

"ಯಾರ್ರೀ ಫೋನ್ ಮಾಡಿದ್ದು? ಮೋಟಾರ್ ಅಂಗಡಿ ಅಂದ್ರಲ್ಲ, ಯಾರು ಮೋಟಾರ್ ಅಂಗಡಿಯೋರು?"

ಭಾಯಿ ಎಂಜಲು ಕೈಯಲ್ಲೇ ಎದ್ದರು. ತಮ್ಮ ಅಂಗಡಿಯ ಹೆಸರು ಕೂಗಿದರೆ ಯಾರಾದರೂ ಏಳುತ್ತಾರೆ. ಅವರು ಎದ್ದದ್ದನ್ನು ಇಡೀ ಪಂಕ್ತಿ ನೋಡಿತು.

ಪೊಲೀಸರು ಸದ್ದು ನಿಲ್ಲಿಸಿದರು, ಆಂಪ್ಲಿಫೈಯರು ಕಿತ್ತು ಗಾಡಿಗೆ ಹಾಕಿಕೊಂಡರು, ಬುದ್ಧಿ ಹೇಳಿ ಹೋದರು. ಅಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಮೂಳೆ ಚೀಪುತ್ತಾ, "ಏನ್ ಬೀಗ್ರೇ, ನಿಮ್ಮೂರಲ್ಲೇ ನಿಮ್ ಮಾತು ನಡಿಯಾಕಿಲ್ವಾ?" ಎಂದುಬಿಟ್ಟರು. ನಗುತ್ತಲೇ ಅಂದರು. ಗೌಡರ ಮುಖ ಮಾತ್ರ ಕೆಂಪಾಯಿತು. ಆ ಒಂದು ಮಾತಿನ ಬೆಲೆಯನ್ನು ಯಾರಾದರೂ ತೆರಲೇಬೇಕಾಗಿತ್ತು.

ಯಾರೂ ಭಾಯಿಯೊಂದಿಗೆ ಜಗಳಕ್ಕೆ ಹೋಗಲಿಲ್ಲ. ನಮ್ಮ ಕಡೆ ನಿಜವಾದ ಸಿಟ್ಟು ಹಾಗೆ ಬರುವುದಿಲ್ಲ. ಊರಿನವರು ಕೆಟ್ಟ ಮೋಟಾರನ್ನು ಆಟೋಗೆ ಹಾಕಿಕೊಂಡು, ಭಾಯಿ ಅಂಗಡಿಯ ಮುಂದೆಯೇ ಹಾದು, ಮದ್ದೂರಿಗೆ ಹೊರಟರು. ಅಂಗಡಿಯ ಮುಂದೆ ಬಂದಾಗ ಆಟೋ ಒಂದಿಷ್ಟು ನಿಧಾನ ಮಾಡುತ್ತಿದ್ದರು, ಮೋಟಾರು ಕಾಣಲಿ ಎಂದು. ಕೊನೆಗೆ ಗೌಡರ ತಮ್ಮ ಬಂದು, ಯುಗಾದಿಗೆ ಮಳಿಗೆ ಖಾಲಿ ಮಾಡಬೇಕು ಎಂದು ಹೇಳಿ ಹೋದ.

ನನಗೆ ಸುದ್ದಿ ಗೊತ್ತಾದದ್ದು ತಂತಿ ಸುತ್ತಿಸಲು ಮೋಟಾರು ಕೊಡಲು ಹೋದಾಗ. ಭಾಯಿ ತಂತಿಯ ಉರುಳೆಗಳನ್ನು ಅಟ್ಟದಿಂದ ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಎಲ್ಲಿಗೆ ಭಾಯಿ?"

"ಚನ್ನಪಟ್ಣಕ್ಕೆ. ಅಲ್ಲಿ ಭಾವಮೈದ ಅವ್ನೆ. ಅವನ ಅಂಗಡೀಲಿ ಒಂದು ಮೂಲೆ ಕೊಡ್ತೀನಿ ಅಂದವ್ನೆ."

"ನೀವು ಫೋನ್ ಮಾಡಿದ್ರಾ?"

"ಅಣ್ಣ, ನಿಮ್ ಪಕ್ಕದಲ್ಲೇ ಕೂತು ಉಣ್ತಿದ್ದೆ. ಎಡಗೈಲಿ ಲೋಟ, ಬಲಗೈಲಿ ಮುದ್ದೆ. ಯಾವ ಕೈಲಿ ಮಾಡ್ಲಿ?"

ಅದು ನನಗೂ ಗೊತ್ತಿತ್ತು. ಆದರೆ ನಾನು ಗೊತ್ತು ಎಂದರೆ ಯಾರು ಕೇಳಬೇಕು? ಭಾಯಿಯ ಕೆಲಸದಿಂದ ಬದುಕುವವನು ನಾನು, ನನ್ನ ಸಾಕ್ಷಿಗೆ ತೂಕವಿಲ್ಲ. ಚೌಕಾಸಿ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಲಾಭ ಇರುವವನ ಬಾಯಿಂದ ಬಂದ ನಿಜ ಅರ್ಧ ಬೆಲೆಗೂ ಹೋಗುವುದಿಲ್ಲ. ಲಾಭ ಇಲ್ಲದವರ ಬಾಯಿಂದ ಹೇಳಿಸಬೇಕು.

ಹಾಗಾಗಿ ಗೌಡರ ಮನೆಗೆ ಹೋದೆ. ಜಗಲಿಯ ಮೇಲೆ ಅವರೂ ಅವರ ತಮ್ಮನೂ ಕೂತಿದ್ದರು. ಸುತ್ತುಬಳಸದೆ ವಿಷಯ ಎತ್ತಿದೆ.

"ಜನರೇಟರ್ ರಿಪೇರಿ ಮಾಡಿಕೊಟ್ಟ ಮನ್ಸ ಪೊಲೀಸ್ಗೆ ಫೋನ್ ಮಾಡ್ತಾನಾ ಗೌಡ್ರೆ?"

ತಮ್ಮ ಬಾಯಿ ಹಾಕಿದ. "ಅದ್ಕೇ ಮಾಡಿರದು. ಅನುಮಾನ ಬರ್ದೇ ಇರ್ಲಿ ಅಂತವ."

"ಅಂಗಾರೆ ರಿಪೇರಿ ಮಾಡ್ದೇ ಇದ್ದಿದ್ರೆ?"

"ಆಗ ಬೇಕೂಂತ್ಲೇ ಮಾಡ್ನಿಲ್ಲ ಅಂತಿದ್ದೋ."

ಅವನೊಂದಿಗೆ ಮಾತು ಮುಂದುವರಿಸಿ ಪ್ರಯೋಜನವಿರಲಿಲ್ಲ. ಗೌಡರ ಕಡೆ ತಿರುಗಿದೆ. "112ಕ್ಕೆ ಬಂದ ಫೋನೆಲ್ಲ ಪೊಲೀಸ್ನೋರ ತಾವ ರೆಕಾರ್ಡ್ ಆಗಿರ್ತದೆ. ಯಾವಾಗ ಬಂತು, ಯಾಕೆ ಬಂತು, ಗಾಡಿ ಎಲ್ಲಿಗೆ ಹೋಯ್ತು, ಎಲ್ಲಾನೂ. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದ್ರೆ ಕೊಡ್ತಾರೆ. ನಾನು ತರುಸ್ತೀನಿ. ಭಾಯಿ ಅಲ್ಲ ಅಂತಾದ್ರೆ?"

ಗೌಡರು ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. "ಗಾಡಿ ಅವನ ಬಾಗ್ಲಿಗೇ ಬಂದು ನಿಂತ್ಕತು ಕಣಯ್ಯ. ಅದ್ನ ನಾನೇ ಕಣ್ಣಾರ ನೋಡಿವ್ನಿ. ಆದ್ರೂ ಸರಿ, ತತ್ತಾ ಕಾಗ್ದವ. ಅವನಲ್ಲ ಅಂತ ಆದ್ರೆ ಮಳಿಗೆ ಅವನ್ಗೇ ಇರ್ಲಿ. ಅವನೇ ಅಂತ ಆದ್ರೆ ನೀನೂ ನಮ್ಮೂರ ಕಡೆ ಮೋಟ್ರು ವ್ಯಾಪಾರಕ್ಕೆ ಬರ್ಬೇಡ."

ಒಪ್ಪಿಕೊಂಡೆ. ಸರಕು ನೋಡದೆ ಒಪ್ಪಿಕೊಳ್ಳಬಾರದು ಎಂದು ಎಲ್ಲರಿಗೂ ಹೇಳುವ ನಾನೇ ನೋಡದೆ ಒಪ್ಪಿಕೊಂಡೆ.

ಮಂಡ್ಯದ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಒಬ್ಬ ಮಹಿಳಾ ಪೊಲೀಸ್ ಇದ್ದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅರ್ಜಿ ಓದಿ, ಫೋನ್ ನಂಬರು ಕೇಳಿದ್ದ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಕೊಡಲ್ಲ."

"ಮೇಡಂ, ಕೊನೆಯ ನಾಲ್ಕು ಅಂಕಿ ಸಾಕು."

"ತರಕಾರಿ ಚೌಕಾಸಿ ಅಲ್ಲ ಸರ್ ಇದು."

"ಎರಡು ಅಂಕಿ?"

ಅವರಿಗೆ ನಗು ಬಂತು. ನಕ್ಕ ಮೇಲೆ ಮಾತು ಮೆತ್ತಗಾಗುತ್ತದೆ ಎಂಬುದು ನನ್ನ ಅನುಭವ. ಇವರದು ಆಗಲಿಲ್ಲ. "ನೋಡಿ, ನಿಮ್ಮ ಪಕ್ಕದ ಮನೆಗೆ ಕಳ್ಳರು ನುಗ್ತಾರೆ ಅನ್ಕೊಳ್ಳಿ. ನೀವು ನಮಗೆ ಫೋನ್ ಮಾಡ್ತೀರಿ. ನಾಳೆ ಆ ಕಳ್ಳ ಬಂದು, ನನ್ನ ಮೇಲೆ ಹೇಳಿದ್ದು ಯಾರು ಅಂತ ಅರ್ಜಿ ಹಾಕ್ತಾನೆ. ಕೊಟ್ಟುಬಿಡ್ಲಾ? ಯಾವ ದಿನ, ಯಾವ ಕಾರಣ, ಯಾವ ಸ್ಥಳ, ಇಷ್ಟು ಕೇಳಿ. ಅದು ಜನರದ್ದು. ಯಾರು ಅನ್ನೋದು ಜನರದ್ದಲ್ಲ."

ಕೇಳಿದ್ದೆಲ್ಲ ಸಿಗದಿದ್ದರೂ ನಾನು ಬರಿಗೈಯಲ್ಲಿ ಎದ್ದು ಬರುವವನಲ್ಲ. ಆ ಸಾಲನ್ನು ಹೊಡೆದುಹಾಕಿ, ಬೀಗರ ಊಟದ ದಿನದ ಕರೆಯ ವಿವರ ಮಾತ್ರ ಕೇಳಿ ಬಂದೆ.

ಉತ್ತರ ಅಂಚೆಯಲ್ಲಿ ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಒಂದೇ ಹಾಳೆ, ಒಂದೇ ಸಾಲು. ಕಾರಣ: ಧ್ವನಿವರ್ಧಕದ ಶಬ್ದ. ಸ್ಥಳ: ಮೋಟಾರ್ ಅಂಗಡಿ ಹತ್ತಿರ. ಕರೆ ಮಾಡಿದವರ ವಿವರ ಇರಬೇಕಾದ ಕಡೆ ಕಪ್ಪು ಮಸಿ.

ಅದನ್ನು ಹಿಡಿದು ಭಾಯಿಯ ಅಂಗಡಿಗೆ ಹೋದೆ. ಅವರು ಓದಿ, ಮಡಿಸಿ, ನನ್ನ ಕೈಗೆ ವಾಪಸ್ ಕೊಟ್ಟರು.

"ಚೆನ್ನಾಗಿ ತಂದ್ರಣ್ಣ. ಇಷ್ಟು ದಿನ ಬರೀ ಬಾಯಿಮಾತಿತ್ತು. ಈಗ ಸೀಲೂ ಬಿತ್ತು."

ಆ ಹಾಳೆ ಗೌಡರ ಕೈಗೆ ಹೋದರೆ ಭಾಯಿ ಮಳಿಗೆ ಬಿಡಲು ಯುಗಾದಿಯವರೆಗೂ ಕಾಯಬೇಕಿರಲಿಲ್ಲ. ನಾನು ಅದನ್ನು ಜೇಬಿಗಿಟ್ಟುಕೊಂಡು ಅಲ್ಲೇ ಕೂತೆ. ಬಾಗಿಲ ಬಳಿ ಹೊಸ ಕೆಲಸ ಏನೂ ಇರಲಿಲ್ಲ, ನನ್ನ ಒಂದು ಮೋಟಾರು ಮಾತ್ರ. ಆ ಹೊತ್ತಿಗೆ ಪಾರ್ಸಲ್ ಹುಡುಗನ ಬೈಕು ಬಂತು. ಬೆನ್ನಿಗೆ ದೊಡ್ಡ ಚೀಲ. ಇಳಿದವನೇ ಒಂದೊಂದೇ ಪೊಟ್ಟಣ ತೆಗೆದು ಭಾಯಿಯ ಮೇಜಿನ ಮೇಲೆ ಇಡತೊಡಗಿದ.

"ಇದು ಚಪ್ಲಿ, ಹಿಂದಗಡೆ ಬೀದಿಯೋರ್ದು. ಇದು ಮಿಕ್ಸಿ ಜಾರು, ಕೆರೆ ಕಡೆಯೋರ್ದು. ಇದು ಗೌಡ್ರ ಸೊಸೇದು. ಮಡಗಿರಿ ಭಾಯಿ, ಫೋನ್ ಮಾಡಿ ಯೋಳಿವ್ನಿ, ಬಂದು ಈಸ್ಕತಾರೆ."

"ಗೌಡ್ರ ಸೊಸೇದೂ ಇಲ್ಲಿಗಾ?" ಎಂದೆ.

"ಎಲ್ರುದೂ ಇಲ್ಲಿಗೇ ಅಣ್ಣ. ಈ ಊರಲ್ಲಿ ಮನೆ ನಂಬರು ಯಾರಿಗೆ ಗೊತ್ತು? ಯಾರನ್ನ ಕೇಳಿದ್ರೂ ಭಾಯಿ ಮೋಟ್ರು ಅಂಗ್ಡಿತಾವ ಬಾ ಅಂತಾರೆ." ಗೌಡರ ಸೊಸೆಯ ಪೊಟ್ಟಣ ತಿರುಗಿಸಿ ತೋರಿಸಿದ. ವಿಳಾಸದಲ್ಲಿ ಊರಿನ ಹೆಸರು, ಅದರ ಕೆಳಗೆ ಅಚ್ಚಿನಲ್ಲಿ 'ಮೋಟಾರ್ ಅಂಗಡಿ ಹತ್ತಿರ'.

ಭಾಯಿ ಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಮೋಟಾರು ತರದವರೂ ಪಾರ್ಸಲ್ಲಿಗೆ ಬರುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಬಾಗಿಲಲ್ಲಿ ನಿಂತು, ಮುಖ ನೋಡದೆ, ಪೊಟ್ಟಣ ತೆಗೆದುಕೊಂಡು ಹೋಗುತ್ತಿದ್ದರಂತೆ.

"ಕೊಡಲ್ಲ ಅನ್ನಬಾರ್ದಾ ಭಾಯಿ?"

"ಚಪ್ಲಿ ಮೇಲೆ ಏನು ಸಿಟ್ಟಣ್ಣ?"

ನನ್ನ ಕಣ್ಣು ಆ ವಿಳಾಸದ ಮೇಲೆಯೇ ಇತ್ತು. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಒಂದು ದಿನದ ಕರೆ ಕೇಳಿದ್ದೇ ತಪ್ಪು. ಒಂದು ಸಾಲಿನಲ್ಲಿ ಒಬ್ಬ ಮನುಷ್ಯ ಸಿಕ್ಕಿಬೀಳುತ್ತಾನೆ, ಹತ್ತಾರು ಸಾಲಿನಲ್ಲಿ ಊರಿನ ಅಭ್ಯಾಸ ಕಾಣುತ್ತದೆ. ಸರ್ಕಾರದಿಂದ ಮಾಹಿತಿ ಕೇಳುವವರಿಗೆ ಇದೊಂದು ಕಿವಿಮಾತು: ಆಳವಾಗಿ ಕೇಳಿದರೆ ಮುಚ್ಚುತ್ತಾರೆ, ಅಗಲವಾಗಿ ಕೇಳಿದರೆ ಕೊಡುತ್ತಾರೆ. ಮಾರನೇ ದಿನವೇ ಮಂಡ್ಯಕ್ಕೆ ಹೋಗಿ, ಆ ಊರಿನಿಂದ ಹಿಂದಿನ ಒಂದು ವರ್ಷದಲ್ಲಿ 112ಕ್ಕೆ ಹೋದ ಎಲ್ಲಾ ಕರೆಗಳ ದಿನ, ಕಾರಣ, ಸ್ಥಳ ಕೇಳಿದೆ. ಅದೇ ಮೇಡಂ ಇದ್ದರು. ನಂಬರಿನ ಮಾತೇ ಎತ್ತದಿದ್ದುದನ್ನು ನೋಡಿ, "ಈ ಸಲ ಕಲಿತುಕೊಂಡು ಬಂದಿದ್ದೀರಿ" ಎಂದರು.

ಯುಗಾದಿಗೆ ಇನ್ನೂ ದಿನವಿರುವಾಗ ಹಾಳೆಗಳು ಬಂದವು. ಅಂದುಕೊಂಡದ್ದಕ್ಕಿಂತ ಚೆನ್ನಾಗಿದ್ದವು. ಕಬ್ಬಿನ ಗದ್ದೆಗೆ ಬೆಂಕಿ, ಸ್ಥಳ: ಮೋಟಾರ್ ಅಂಗಡಿ ಹತ್ತಿರ. ಗದ್ದೆ ಅಲ್ಲಿಂದ ಒಂದು ಮೈಲಿ! ಕುರಿ ಕಳವು, ಮೋಟಾರ್ ಅಂಗಡಿ ಹತ್ತಿರ. ಬೈಕು ಹಳ್ಳಕ್ಕೆ ಬಿತ್ತು, ಮೋಟಾರ್ ಅಂಗಡಿ ಹತ್ತಿರ. ಕೊಟ್ಟಿಗೆಯಲ್ಲಿ ಹಾವು, ಕುಡಿದು ಗಲಾಟೆ, ಟ್ರಾನ್ಸ್‌ಫಾರ್ಮರಿನಿಂದ ಕಿಡಿ, ಎಲ್ಲವೂ ಅಲ್ಲಿಯೇ. ಪೊಲೀಸರ ದಾಖಲೆಯಲ್ಲಿ ಆ ಊರಿಗೆ ಬೇರೆ ಜಾಗವೇ ಇರಲಿಲ್ಲ.

ಸಂಜೆ ಮನೆಗೆ ಹೋಗಿ ನಮ್ಮನೆಯವಳ ಮುಂದೆ ಹಾಳೆ ಹರಡಿದೆ. ಗೆದ್ದ ವ್ಯಾಪಾರವನ್ನು ಯಾರಿಗಾದರೂ ತೋರಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಅವಳು ಸೊಪ್ಪು ಬಿಡಿಸುತ್ತಾ ಓದುತ್ತಿದ್ದವಳು ಒಂದು ಕಡೆ ನಿಂತಳು.

"ಇದ್ನೂ ಓದ್ತೀರಾ ಅಲ್ಲಿ?"

ನೋಡಿದೆ. ಗೌರಿ ಹಬ್ಬದ ಮಾರನೇ ದಿನದ ಕರೆ. ಗಂಡ ಹೊಡೆಯುತ್ತಿರುವುದಾಗಿ ಮಹಿಳೆಯ ದೂರು. ಸ್ಥಳ ಉಳಿದೆಲ್ಲ ಸಾಲುಗಳದ್ದೇ. ಕೊನೆಯಲ್ಲಿ, ಗಾಡಿ ಹೊರಡುವ ಮೊದಲೇ ಆಕೆ ಮತ್ತೆ ಕರೆ ಮಾಡಿ ಬೇಡ ಎಂದರು ಎಂದಿತ್ತು.

"ಹೆಸರಿಲ್ವಲ್ಲ," ಎಂದೆ. "ನಂಬರಿಲ್ಲ, ಮನೆ ಇಲ್ಲ. ಸಾಲು ಜಾಸ್ತಿ ಇದ್ದಷ್ಟೂ ನಮಗೆ ತೂಕ."

"ನಿಮ್ಗೆ ಗೊತ್ತಾಗಲ್ಲ, ನೀವು ಆ ಊರೋರಲ್ಲ. ಹಬ್ಬದ ಮಾರನೇ ದಿನ ಯಾರ ಮನೇಲಿ ರಂಪ ಆಯ್ತು ಅಂತ ಆ ಊರ್ಗೆ ಗೊತ್ತಿರಲ್ವಾ? ಗೊತ್ತಿಲ್ದೇ ಇರದು ಒಂದೇ. ಅವ್ಳು ಪೊಲೀಸ್ಗೆ ಫೋನ್ ಮಾಡಿದ್ಲು ಅನ್ನದು. ಗಾಡಿನೂ ಬರ್ನಿಲ್ಲ. ಆ ಗಂಡಂಗೆ ಇವತ್ತಿನ್‌ಗಂಟ ಅದು ಗೊತ್ತಿರಕಿಲ್ಲ. ನೀವು ಓಗಿ ಜಗ್ಲಿ ಮೇಲೆ ಕೂತ್ಕಂಡು ಓದಿ, ಗೊತ್ತಾಯ್ತದೆ."

ಮಂಡ್ಯದ ಮೇಡಂ ಮಸಿ ಬಳಿದು ಮುಚ್ಚಿ ಕೊಟ್ಟದ್ದು ಪಟ್ಟಣಕ್ಕೆ ಸಾಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿಗೆ ಅಷ್ಟು ಮಸಿ ಸಾಲದು. ಇದನ್ನು ನನಗೆ ಹೇಳಿದವಳು ಮತ್ತೆ ಸೊಪ್ಪಿನ ಕಡೆ ತಿರುಗಿದಳು. ನಾನು ಅಂಗಡಿಯಿಂದ ಇನ್ಸುಲೇಷನ್ ಟೇಪು ತಂದು, ತಂತಿಗೆ ಸುತ್ತುವ ಆ ಕರೀ ಟೇಪನ್ನು ಆ ಸಾಲಿನ ಉದ್ದಕ್ಕೂ ಅಂಟಿಸಿದೆ. ಬೆಳಿಗ್ಗೆ ಭಾಯಿಗೆ ಫೋನಿನಲ್ಲೇ ಎಲ್ಲ ಹೇಳಿದೆ, ಟೇಪಿನ ಕೆಳಗೆ ಏನಿದೆ ಎಂಬುದನ್ನೂ. ಅವರು, "ಒಳ್ಳೇದು ಮಾಡಿದ್ರಿ" ಎಂದರು.

ಗೌಡರ ಜಗಲಿಯಲ್ಲಿ ಸೇರಿದ್ದು ಭಾನುವಾರ ಬೆಳಿಗ್ಗೆ. ಸುದ್ದಿ ಹರಡಿ ಊರಿನ ಗಂಡಸರು ಬಹಳ ಮಂದಿ ಬಂದಿದ್ದರು. ಗೌಡರ ತಾಯಿ ಬಾಗಿಲ ಒಳಗೆ ಕಂಬಕ್ಕೊರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಭಾಯಿ ಜಗಲಿಯ ಮೇಲೆ ಹತ್ತದೆ ಕೆಳಗೆ ನಿಂತರು.

ನಾನು ಮೊದಲು ಬೀಗರ ಊಟದ ಸಾಲನ್ನೇ ಓದಿದೆ. ಕೆಟ್ಟದ್ದನ್ನು ನಾವೇ ಮೊದಲು ತೋರಿಸಿದರೆ ಕೊಳ್ಳುವವನಿಗೆ ಹುಡುಕುವ ಕೆಲಸ ಇರುವುದಿಲ್ಲ. ಮೋಟಾರ್ ಅಂಗಡಿ ಹತ್ತಿರ ಎಂದ ಕೂಡಲೇ ಗೌಡರ ತಮ್ಮ ಎದ್ದ.

"ಇನ್ನೇನ್ಲಾ ಬೇಕು? ಅವನ ಅಂಗ್ಡಿ ಹೆಸ್ರೇ ಬಂದದೆ!"

"ಕೂತ್ಕೊಳಪ್ಪ, ಇನ್ನೂ ಅದೆ," ಎಂದು ಮುಂದಿನದನ್ನು ಓದಿದೆ. "ಕಬ್ಬಿನ ಗದ್ದೆಗೆ ಬೆಂಕಿ. ಸ್ಥಳ, ಮೋಟಾರ್ ಅಂಗಡಿ ಹತ್ತಿರ."

ಹಿಂದಿನಿಂದ ಒಬ್ಬ, "ಅದು ನಾನ್ ಮಾಡಿದ್ದು ಕಣ್ಲಾ! ನನ್ ಗದ್ದೆ ಅಲ್ವಾ ಉರ್ದೋಗಿದ್ದು?" ಎಂದ.

"ನಿನ್ ಗದ್ದೆ ಎಲ್ಲದೆ, ಮೋಟ್ರು ಅಂಗ್ಡಿ ಎಲ್ಲದೆ?" ಎಂದು ಇನ್ನೊಬ್ಬ ಕೇಳಿದ.

"ಗದ್ದೆ ಸರ್ವೆ ನಂಬ್ರ ಯೋಳಕಾಯ್ತದಾ ಬೆಂಕಿ ಅತ್ಕಂಡಾಗ?"

ಕುರಿ ಕಳವು ಓದಿದೆ. ಕುರಿ ಕಳೆದುಕೊಂಡವನು ಕೈಯೆತ್ತಿದ. ಹಾವಿನದು ಓದಿದಾಗ ಒಬ್ಬ ತನ್ನ ಪಕ್ಕದವನ ಬೆನ್ನಿಗೆ ಗುದ್ದಿ, "ಲೇ, ಕೇರೆ ಆವ್ಗೆ ಪೊಲೀಸ್ನ ಕರ್ಸಿದ್ದೋನು ನೀನೇನ್ಲಾ!" ಎಂದ. ಜಗಲಿಯೆಲ್ಲ ನಕ್ಕಿತು. ಕುಡಿದು ಗಲಾಟೆ ಎಂದಾಗ ಮಾಡಿದವನೂ ಮಾಡಿಸಿಕೊಂಡವನೂ ಒಟ್ಟಿಗೆ ತಲೆ ತಗ್ಗಿಸಿದರು. ಹೀಗೆ ಓದುತ್ತಾ ಹೋದಂತೆ ಊರಿನ ಒಂದು ವರ್ಷವೇ ಎದ್ದು ಬಂತು, ಮತ್ತು ಅದೆಲ್ಲವೂ ಭಾಯಿಯ ಬಾಗಿಲಲ್ಲಿ ನಡೆದಂತೆ ಬರೆದಿತ್ತು. ಬಿಡಿಸಿ ಹೇಳುವ ಕೆಲಸ ನನಗೆ ಉಳಿಯಲಿಲ್ಲ.

ಒಳಗಿನಿಂದ ಗೌಡರ ತಾಯಿ, "ಆ ಡಬ್ಬದ ಸದ್ದಿಗೆ ನನ್ ಎದೆನೇ ಕಿತ್ತೋಯ್ತಿತ್ತು ಕಣ್ರಪ್ಪ," ಎಂದರು. "ನಂಗೂ ಫೋನ್ ಮಾಡ್ಬುಡನ ಅನ್ಸಿತ್ತು. ನಂಬ್ರ ಗೊತ್ತಿರ್ನಿಲ್ಲ, ಸುಮ್ಕಾದೆ."

"ನೀನ್ ಸುಮ್ಕಿರವ್ವ," ಎಂದರು ಗೌಡರು. ಆದರೆ ಅವರ ಮೀಸೆಯ ಕೆಳಗೂ ನಗು ಕಂಡಿತು. ವ್ಯವಹಾರ ಕುದುರಿತು ಎಂದುಕೊಂಡೆ.

ಅಷ್ಟರಲ್ಲಿ ಗೌಡರ ತಮ್ಮ ನನ್ನ ಭುಜದ ಮೇಲಿಂದ ಹಾಳೆಯನ್ನು ಬಗ್ಗಿ ನೋಡಿದ.

"ಇದೇನ್ಲಾ ಕರೀದು?"

"ಅದು ಬೇರೆ ವಿಷ್ಯ."

"ಬೇರೆ ವಿಷ್ಯ ಅಂದ್ರೆ? ಎಲ್ಲಾನೂ ಓದ್ದೆ, ಇದೊಂದ್ಕೆ ಮಾತ್ರ ಟೇಪು ಬಡ್ದಿದ್ದೀಯ. ಮೋಟ್ರು ಟೇಪು! ಇವ್ರಿಬ್ರೂ ಕೂಡ್ಕಂಡು ಮುಚ್ಚವ್ರೆ ಅಣ್ಣ. ಅಸಲಿ ಕರೆ ಇದ್ರೊಳ್ಗದೆ."

ನಗು ನಿಂತಿತು. ಜನರ ಮುಖಗಳು ಹಿಂದಿನಂತೆಯೇ ಆದವು. ಇಷ್ಟು ಹೊತ್ತು ಓದಿದ್ದೆಲ್ಲ ಆ ಬೆರಳುದ್ದದ ಟೇಪಿನ ಮುಂದೆ ಹಗುರವಾಯಿತು. ಪೊಲೀಸರು ಮಸಿ ಬಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ, ನಾನು ಮುಚ್ಚಿದ್ದಕ್ಕೆ ಕೇಳಿದರು. ಕೇಳಿದ್ದು ನ್ಯಾಯವೇ.

"ಬಿಚ್ಚು," ಎಂದರು ಗೌಡರು.

"ಬಿಚ್ಚಲ್ಲ ಗೌಡ್ರೆ. ಅದು ಡಿಜೆದಲ್ಲ. ಒಬ್ರ ಮನೆ ಒಳಗಿಂದು."

"ನಮ್ಮೂರಲ್ಲಿ ನಮ್ಗೆ ಗೊತ್ತಿಲ್ದೇ ಇರ ಮನೆ ಯಾವ್ದಯ್ಯ?"

"ಅದ್ಕೇ ಬಿಚ್ಚಲ್ಲ ಅಂದಿದ್ದು."

ಆಗ ಭಾಯಿ ಕೆಳಗಿನಿಂದ ಮಾತಾಡಿದರು. ಜೋರಾಗಿ ಅಲ್ಲ, ಅಂಗಡಿಯಲ್ಲಿ ಗಿರಾಕಿಯೊಂದಿಗೆ ಮಾತಾಡುವಷ್ಟೇ ದನಿಯಲ್ಲಿ. "ಗೌಡ್ರೆ, ಆ ಸಾಲು ನಂದು ಅಂತ್ಲೇ ಬರ್ಕಳಿ. ಯುಗಾದಿಗೆ ಮಳಿಗೆ ಬಿಡ್ತೀನಿ. ಆ ಟೇಪು ಮಾತ್ರ ತೆಗಿಸ್ಬೇಡಿ."

ಗೆದ್ದ ಸರಕನ್ನು ಹೀಗೆ ಬೀದಿಗೆ ಇಟ್ಟುಬಿಡುವ ಮನುಷ್ಯನನ್ನು ನಾನು ವ್ಯಾಪಾರದಲ್ಲಿ ನೋಡಿಲ್ಲ. ತಡೆಯೋಣ ಎಂದು ಬಾಯಿ ತೆರೆದೆ. ಆದರೆ ಅವರನ್ನು ತಡೆಯಲು ನನ್ನಲ್ಲಿದ್ದ ಒಂದೇ ಮಾತು ಟೇಪಿನ ಕೆಳಗಿತ್ತು.

ಗೌಡರು ಭಾಯಿಯನ್ನೇ ನೋಡುತ್ತಿದ್ದರು. ಆ ನೋಟ ನನಗೆ ಪರಿಚಯದ್ದು. ಬೆಲೆ ಹೇಳಿದ ಮೇಲೆ ಕೊಳ್ಳುವವನು ಸರಕು ಬಿಟ್ಟು ಮಾರುವವನನ್ನು ಅಳೆಯುವ ನೋಟ. ಇಲ್ಲಿ ಒಂದು ಮಾತು ಬಿದ್ದರೆ ನಿಲ್ಲುತ್ತದೆ ಎನಿಸಿತು.

"ಗೌಡ್ರೆ," ಎಂದೆ, "ಕಾರಣದ ಕಡೆ ಬಿಚ್ಚಲ್ಲ. ತಾರೀಕಿನ ಕಡೆ ಒಂದು ಚೂರು ಎತ್ತೀನಿ. ನೀವೊಬ್ರೇ ನೋಡಿ. ಬೀಗರ ಊಟದ ದಿನ ಹೌದೋ ಅಲ್ವೋ ಅಷ್ಟೇ. ಬೇರೆಯೋರು ಬೇಡ."

ತಮ್ಮ ಏನೋ ಹೇಳಹೊರಟ. ಗೌಡರು ಕೈ ತೋರಿಸಿ ಅವನನ್ನು ಕೂರಿಸಿದರು. ನಾನು ಹಾಳೆಯನ್ನು ಅವರ ತೊಡೆಯ ಮೇಲಿಟ್ಟು, ನನ್ನ ಟವಲನ್ನು ಅಡ್ಡ ಹಿಡಿದು, ಟೇಪಿನ ತುದಿಯನ್ನು ಉಗುರಿನಿಂದ ಎತ್ತಿದೆ.

ಅವರು ತಾರೀಕು ಓದಿದರು. ಮೊದಲು ಅವರ ಮುಖದಲ್ಲಿ ಬಂದದ್ದು ಇದು ಆ ದಿನದ್ದಲ್ಲ ಎಂಬ ನಿರಾಳ. ಅದರ ಹಿಂದೆಯೇ ಇನ್ನೊಂದು ಬಂತು. ಗೌರಿ ಹಬ್ಬದ ಮಾರನೇ ದಿನ ಎಂಬುದು ಅವರಿಗೆ ಹೊಳೆಯಿತು, ಅದರಿಂದ ಮನೆಯೂ ಹೊಳೆಯಿತು. ಹೊಳೆದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆ ಮನೆಯ ಗಂಡಸು ಅಲ್ಲೇ ಜಗಲಿಯ ಮೇಲೆ ಕೂತಿದ್ದನೋ ಏನೋ, ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಏಕೆಂದರೆ ಗೌಡರು ತಲೆ ಎತ್ತಲಿಲ್ಲ. ಸುತ್ತ ಅಷ್ಟು ಜನ ಅವರ ಕಣ್ಣು ಎತ್ತ ಹೋಗುತ್ತದೆಂದು ಕಾಯುತ್ತಿದ್ದರು. ಅವರು ಹಾಳೆಯ ಮೇಲಿಂದ ಕಣ್ಣು ಕದಲಿಸಲಿಲ್ಲ. ಎಲೆಯಡಿಕೆಯ ಕೆಂಪು ಹತ್ತಿದ ಹೆಬ್ಬೆರಳಿನಿಂದ ಟೇಪಿನ ತುದಿಯನ್ನು ತಾವೇ ಒತ್ತಿದರು. ಒಂದು ಸಲ ಒತ್ತಿ, ಸಾಲದೆಂದು ಉದ್ದಕ್ಕೂ ಸವರಿ ಒತ್ತಿದರು.

"ಆ ದಿವ್ಸದ್ದಲ್ಲ," ಎಂದರು. "ನಾನ್ ನೋಡಿವ್ನಿ. ಇನ್ಯಾರೂ ನೋಡ್ಬೇಕಾಗಿಲ್ಲ. ಮಳಿಗೆ ಮಾತು ಇಲ್ಗೇ ಬುಡಿ."

"ಅಂಗಾರೆ ಡಿಜೆಗೆ ಫೋನ್ ಮಾಡಿದ್ದು ಯಾರಣ್ಣ?" ಎಂದ ತಮ್ಮ.

"ಯಾರೋ ಒಬ್ರು. ಸದ್ದು ಜಾಸ್ತಿ ಆಗಿತ್ತು, ಮಾಡವ್ರೆ. ಓಗ್ಲಾ, ಭಾಯಿಗೆ ಕುರ್ಚಿ ತತ್ತಾ."

ಜನ ಒಬ್ಬೊಬ್ಬರೇ ಎದ್ದರು. ಭಾಯಿ ಜಗಲಿ ಹತ್ತಿ ಕುರ್ಚಿಯ ಅಂಚಿನಲ್ಲಿ ಕೂತರು. ಒಳಗಿನಿಂದ ಗೌಡರ ತಾಯಿ ಮಜ್ಜಿಗೆ ಕಳಿಸಿದರು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಮನಸ್ಸು ಮೆತ್ತಗಿರುವಾಗಲೇ ಮಳಿಗೆಯ ಕರಾರನ್ನು ಬರಹದಲ್ಲಿ ಮಾಡಿಸಿಕೊಳ್ಳಬೇಕು, ನಾಳೆ ಎಂದರೆ ಮನಸ್ಸು ಬೇರೆಯಾಗಿರುತ್ತದೆ. ಯಾರು ಕೇಳಿದರೂ ನಾನು ಕೊಡುವ ಸಲಹೆ ಇದೇ. ಭಾಯಿಯ ಕಡೆ ಬಗ್ಗಿ ಅದನ್ನು ಪಿಸುಗುಟ್ಟಿದೆ.

"ಇವತ್ತು ಬೇಡ ಬಿಡಣ್ಣ," ಎಂದರು ಭಾಯಿ.

ಗೌಡರು ಬೀದಿಯ ಕಡೆ ನೋಡುತ್ತಾ ಕೂತಿದ್ದರು. ಅವರ ತಲೆಯಲ್ಲಿ ಈಗ ಮಳಿಗೆ ಇರಲಿಲ್ಲ, ಬೇರೊಂದು ಮನೆಯ ಚಿಂತೆ ಇತ್ತು. ಆ ಚಿಂತೆಯನ್ನು ಅವರು ಹೇಗೆ ಬಗೆಹರಿಸಿದರು, ಬಗೆಹರಿಸಿದರೋ ಇಲ್ಲವೋ, ನಾನು ಕೇಳಲಿಲ್ಲ. ನಾನು ಕರಾರಿನ ಮಾತು ಬಿಟ್ಟು, ಆ ಟೇಪನ್ನು ಇನ್ನು ಅವರೇ ಕಾಯುತ್ತಾರೆ ಎಂದುಕೊಂಡು, ಹಾಳೆಗಳನ್ನು ಮಡಿಸಿ ಅವರ ಕೈಗೇ ಕೊಟ್ಟು, ಮಜ್ಜಿಗೆ ಕುಡಿದೆ.